ಪಯೇಯಾ ಕಲಿಯಲು ಹೋಗಿ ದೋಸೆಯಲ್ಲಿ ಸಿಕ್ಕಿಬಿದ್ದದ್ದು



ನಮ್ಮ ಪತ್ರಿಕೆಯಲ್ಲಿ ಜಿಎಸ್‌ಟಿ, ಲೈಸೆನ್ಸು, ಗ್ಯಾಸಿನ ದರ, ಕೆಲಸದವರ ಅಭಾವ ಇವುಗಳ ಬಗ್ಗೆ ತಿಳಿದವರು ಬರೆಯುತ್ತಾ ಇರುತ್ತಾರೆ. ನಾನು ಬರೆಯುವವನಲ್ಲ. ಗಲ್ಲಾದ ಮೇಲೆ ಕೂತು ಲೆಕ್ಕ ಬರೆದದ್ದೇ ನನ್ನ ಬರವಣಿಗೆ. ಆದರೆ ಒಂದು ವಿಷಯ ಎರಡು ವರ್ಷಕ್ಕೂ ಮೇಲೆ ಮನಸ್ಸಿನಲ್ಲಿ ಕುಟುಕುತ್ತಾ ಇದೆ. ಸಂಘದ ಸಭೆಯಲ್ಲಿ ಹೇಳೋಣವೆಂದರೆ ಅಲ್ಲಿ ಊಟದ ಹೊತ್ತಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

2023ರ ಮೇ ತಿಂಗಳಲ್ಲಿ ಮಗಳು ನಮ್ಮಿಬ್ಬರನ್ನು ಸ್ಪೇನ್ ದೇಶಕ್ಕೆ ಕರೆದುಕೊಂಡು ಹೋದಳು. ಅವಳು ಕೆಲಸದಲ್ಲಿರುವುದು ಜರ್ಮನಿಯಲ್ಲಿ. ಚರ್ಚು, ಅರಮನೆ, ಮ್ಯೂಸಿಯಮ್ಮು ನೋಡಿ ನೋಡಿ ನನಗೆ ಕಾಲು ನೋವು ಬಂದಿತ್ತು. ವೇಲೆನ್ಸಿಯಾ ಎಂಬ ಊರಿಗೆ ಬಂದಾಗ ಮಗಳು, "ಪಪ್ಪಾ, ನಾಳೆ ನಿಮಗೆ ಬೇಕಾದ ಜಾಗಕ್ಕೇ ಹೋಗುವುದು, ಅಡುಗೆ ಕ್ಲಾಸಿಗೆ" ಎಂದಳು. ಒಬ್ಬರಿಗೆ 70 ಯೂರೋ. ಅಂದರೆ ಆಗ ಆರು ಸಾವಿರ ರೂಪಾಯಿಯ ಮೇಲೆ. ನನಗೆ ನಗು ಬಂತು. ನಲವತ್ತು ವರ್ಷ ಹೋಟೆಲಿನಲ್ಲಿ ಕಳೆದವನು ದುಡ್ಡು ಕೊಟ್ಟು ಅಡುಗೆ ಕಲಿಯುವುದೇ? ನನ್ನ ಹೆಂಡತಿ, "ಹೋಗಿ, ನೀವು ಅಡುಗೆ ಮಾಡುವುದನ್ನು ನಾನೂ ಒಮ್ಮೆ ನೋಡಬೇಕು" ಎಂದಳು. ಆ ಮಾತಿನಲ್ಲಿ ಪೆಟ್ಟು ಇತ್ತು, ಗೊತ್ತಾಯಿತು.

ಬೆಳಿಗ್ಗೆ ಹತ್ತಕ್ಕೆ ಮೊದಲು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಅಲ್ಲಿನ ಸೆಂಟ್ರಲ್ ಮಾರ್ಕೆಟ್ 1928ರಲ್ಲಿ ತೆರೆದದ್ದು. ಕಬ್ಬಿಣದ ಕಂಬ, ಬಣ್ಣದ ಗಾಜು, ಮೇಲೆ ದೊಡ್ಡ ಗುಮ್ಮಟ. ನೋಡಿದರೆ ರೈಲ್ವೆ ಸ್ಟೇಷನ್ ಎನ್ನಬೇಕು. ಕೆಳಗೆ ಒಂದು ಹನಿ ನೀರಿಲ್ಲ, ಒಂದು ಎಲೆ ಬಿದ್ದಿಲ್ಲ. ನಾನು ಬೆಳಿಗ್ಗೆ ಐದಕ್ಕೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಕೆಸರು ತುಳಿದವನು, ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೋ ಏನೋ ಅನಿಸಿತು. ಕಲಿಸುವವರು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು, ಇಂಗ್ಲಿಷ್ ಬಲ್ಲವರು. ನಾವು ಹನ್ನೆರಡು ಜನ, ಎಲ್ಲ ಬೇರೆ ಬೇರೆ ದೇಶದವರು. ಒಂದು ಅಂಗಡಿಯಲ್ಲಿ ಅಗಲವಾದ ಬಿಳಿ ಬೀಜವನ್ನು ಕೈಗೆ ಕೊಟ್ಟು, ಇದು ನಮ್ಮ ಊರಿನ ವಿಶೇಷ, ಗರೋಫೋ ಎಂದರು. ನೋಡುತ್ತೇನೆ, ನಮ್ಮ ಬೆಂಗಳೂರಿನ ಡಬಲ್ ಬೀನ್ಸಿನ ಅಣ್ಣ! ಒಣಮೆಣಸಿನ ಪುಡಿ ತೋರಿಸಿದರು. ಬಣ್ಣ ಜಾಸ್ತಿ, ಖಾರ ಇಲ್ಲವೇ ಇಲ್ಲ, ಬ್ಯಾಡಗಿಗಿಂತಲೂ ಸಾಧು. ಮೆಣಸು ಅಮೆರಿಕದಿಂದ ಅವರಿಗೆ ಬಂತು, ನಮಗೆ ಪೋರ್ತುಗೀಸರು ತಂದರು. ಮೂಲ ಒಂದೇ.

ಈಗ ಪಯೇಯಾ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಅಗಲವಾದ ಎರಡು ಹಿಡಿಯ ತೆಳ್ಳಗಿನ ಬಾಣಲೆಯಲ್ಲಿ ಮಾಡುವ ಅನ್ನ. ಬಾಣಲೆಯ ಹೆಸರೇ ಪಯೇಯಾ, ಅದರಿಂದ ತಿಂಡಿಗೂ ಆ ಹೆಸರು. ಅಕ್ಕಿ ಆ ದೇಶಕ್ಕೆ ಬಂದದ್ದು ಅರಬರ ಕಾಲದಲ್ಲಿ. ಊರಿನ ದಕ್ಷಿಣಕ್ಕೆ ಅಲ್ಬುಫೇರಾ ಎಂಬ ದೊಡ್ಡ ಸರೋವರ ಇದೆ, ಅದರ ಸುತ್ತ ಗದ್ದೆಗಳು. ನಾವು ಬಸ್ಸಿನಲ್ಲಿ ಹೋದಾಗ ಗದ್ದೆಗೆ ನೀರು ಬಿಟ್ಟಿದ್ದರು. ನನ್ನ ಹೆಂಡತಿ, "ಇದು ನಮ್ಮ ಊರೇ, ತೆಂಗಿನಮರ ಒಂದು ಕಡಿಮೆ" ಎಂದಳು. ಅಲ್ಲಿನ ಗಿಡ್ಡ ದಪ್ಪ ಅಕ್ಕಿಗೆ ಸರಕಾರದಿಂದ ರಕ್ಷಿತ ಹೆಸರು ಇದೆ, ನಮ್ಮಲ್ಲಿ ಮಟ್ಟುಗುಳ್ಳಕ್ಕೂ ಬ್ಯಾಡಗಿ ಮೆಣಸಿಗೂ ಜಿಐ ಇರುವ ಹಾಗೆ. ಬೋಂಬಾ ಎಂಬ ತಳಿಗೆ ಬೆಲೆ ಹೆಚ್ಚು, ಅದು ಎಷ್ಟು ನೀರು ಕುಡಿದರೂ ಒಡೆಯುವುದಿಲ್ಲ.

ಅಸಲಿ ವೇಲೆನ್ಸಿಯಾ ಪಯೇಯಾಕ್ಕೆ ಸಾಮಾನು ಹತ್ತೇ. ಕೋಳಿ, ಮೊಲ, ಅಗಲ ಬೀನ್ಸು, ಗರೋಫೋ, ಟೊಮೆಟೊ, ಅಕ್ಕಿ, ಆಲಿವ್ ಎಣ್ಣೆ, ನೀರು, ಕೇಸರಿ, ಉಪ್ಪು. ಈರುಳ್ಳಿ ಇಲ್ಲ, ಬಟಾಣಿ ಇಲ್ಲ. ಮೀನು, ಸಿಗಡಿ ಹಾಕಿದ್ದು ಬೇರೆ ಲೆಕ್ಕ. 2016ರಲ್ಲಿ ಇಂಗ್ಲೆಂಡಿನ ಹೆಸರಾಂತ ಬಾಣಸಿಗ ಜೇಮಿ ಆಲಿವರ್ ತನ್ನ ಪಯೇಯಾಕ್ಕೆ ಚೊರೀಸೋ ಎಂಬ ಖಾರದ ಮಾಂಸದ ಸಾಸೇಜು ಹಾಕಿದ್ದಕ್ಕೆ ಇಡೀ ಸ್ಪೇನ್ ಮೈಮೇಲೆ ಬಿತ್ತು. 2021ರಲ್ಲಿ ವೇಲೆನ್ಸಿಯಾದ ಪ್ರಾಂತ್ಯ ಸರಕಾರ ಪಯೇಯಾವನ್ನು ತನ್ನ ಸಾಂಸ್ಕೃತಿಕ ಆಸ್ತಿ ಎಂದು ಅಧಿಕೃತವಾಗಿ ಘೋಷಿಸಿತು. ಅನ್ನಕ್ಕೆ ಇಷ್ಟು ಮರ್ಯಾದೆ!

ನಾವು ಸಸ್ಯಾಹಾರಿಗಳು. ಮಗಳು ಮೊದಲೇ ತಿಳಿಸಿದ್ದಳು. ನಮಗೆ ಬೇರೆ ಬಾಣಲೆ, ಬೇರೆ ಸೌಟು ಇಟ್ಟಿದ್ದರು. ಕೋಳಿ ಮೊಲದ ಬದಲು ಆರ್ಟಿಚೋಕ್ ಎಂಬ ಮೊಗ್ಗಿನಂಥ ತರಕಾರಿ. ಆದರೆ ಆ ಹೆಂಗಸು ನಗುತ್ತಲೇ ಹೇಳಿದರು: "ನಿಮ್ಮದು ಚೆನ್ನಾಗಿ ಬರುತ್ತದೆ. ಆದರೆ ನಾನು ಅದನ್ನು ಪಯೇಯಾ ಎನ್ನುವುದಿಲ್ಲ, ತರಕಾರಿ ಅನ್ನ ಎನ್ನುತ್ತೇನೆ. ನಮ್ಮ ಊರಿನವರು ಅದಕ್ಕೆ 'ಸಾಮಾನು ಹಾಕಿದ ಅನ್ನ' ಎಂದು ತಮಾಷೆ ಮಾಡುತ್ತಾರೆ." ನಾನೂ ನಕ್ಕೆ. ನಕ್ಕ ಮೇಲೆ ನನ್ನ ಮೆನು ಕಾರ್ಡಿನ ಶೆಜ್ವಾನ್ ದೋಸೆ, ಚೀಸ್ ಚಾಪ್ಸುಯಿ ದೋಸೆ, ಪಿಜ್ಜಾ ಉತ್ತಪ್ಪ ಎಲ್ಲ ಕಣ್ಣ ಮುಂದೆ ಬಂದು ನಿಂತವು. ಅದನ್ನು ತೆಗೆಯುತ್ತೇನೆ ಎಂದು ಹೇಳುತ್ತಿಲ್ಲ, ಬಾಡಿಗೆ ಕಟ್ಟಬೇಕಲ್ಲ. ಆದರೆ ನಮ್ಮಲ್ಲಿ ಯಾರಿಗಾದರೂ "ಇದು ದೋಸೆ, ಇದು ಹಿಟ್ಟಿನ ಮೇಲೆ ಸಾಮಾನು" ಎಂದು ಗಿರಾಕಿಯ ಎದುರು ಹೇಳುವ ಧೈರ್ಯ ಇದೆಯೇ?

ಇನ್ನು ಕೆಲಸ. ನಮ್ಮ ಕೈಗೆ ಚಾಕು ಕೊಟ್ಟರು. ನಾನು ಅಡುಗೆಮನೆ ಬಿಟ್ಟು ಗಲ್ಲಾಕ್ಕೆ ಕೂತು ಇಪ್ಪತ್ತೈದು ವರ್ಷ ಆಗಿತ್ತು. ಬೀನ್ಸು ಹಚ್ಚಲು ಕೂತರೆ ಕೈ ತಾನಾಗಿ ಓಡಿತು. ಪಕ್ಕದಲ್ಲಿದ್ದ ಕೆನಡಾದ ಗಂಡ ಹೆಂಡತಿ ನಾಲ್ಕು ಬೀನ್ಸು ಮುಗಿಸುವಷ್ಟರಲ್ಲಿ ನನ್ನ ಬುಟ್ಟಿ ಖಾಲಿ. ಮೊದಲು ಎಣ್ಣೆ, ಎಣ್ಣೆಯಲ್ಲೇ ಸ್ವಲ್ಪ ಉಪ್ಪು. ಅದರಲ್ಲಿ ತರಕಾರಿ ಕೆಂಪಗಾಗುವವರೆಗೆ ನಿಧಾನವಾಗಿ ಹುರಿಯಬೇಕು. ಆಮೇಲೆ ಎಲ್ಲವನ್ನೂ ಅಂಚಿಗೆ ಸರಿಸಿ ನಡುವೆ ತುರಿದ ಟೊಮೆಟೊ. ಅದು ಗಟ್ಟಿಯಾದ ಮೇಲೆ ಮೆಣಸಿನ ಪುಡಿ ಹಾಕಿ ಎರಡೇ ಸಲ ತಿರುವಿ ತಕ್ಷಣ ನೀರು. ತಡ ಮಾಡಿದರೆ ಪುಡಿ ಸುಟ್ಟು ಕಹಿ. ನೀರು ಎಷ್ಟು? ಬಾಣಲೆಯ ಹಿಡಿಗೆ ಒಳಗಡೆಯಿಂದ ಹೊಡೆದ ರಿವೆಟ್ಟು ಇದೆಯಲ್ಲ, ಅದರ ಮಟ್ಟಕ್ಕೆ. ಅಕ್ಕಿ ಎಷ್ಟು? ಬಾಣಲೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆಯಾಗಿ ಅಕ್ಕಿ ಸುರಿಯುತ್ತಾ ಹೋಗುವುದು, ನೀರಿನ ಮೇಲೆ ಒಂದಿಷ್ಟು ಕಾಣುವ ಹಾಗೆ. ಅದಕ್ಕೆ ಅವರ ಭಾಷೆಯಲ್ಲಿ ಗದ್ದೆಯ ಹುಣಿ ಎಂಬ ಅರ್ಥದ ಹೆಸರೇ ಇದೆ. ನನ್ನ ಅಮ್ಮ ಅಕ್ಕಿಯ ಮೇಲೆ ಬೆರಳಿಟ್ಟು ಗೆಣ್ಣಿನ ಲೆಕ್ಕದಲ್ಲಿ ನೀರು ಹಾಕುತ್ತಿದ್ದದ್ದು ನೆನಪಾಯಿತು.

ಆದರೆ ಆ ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. "ಇದು ನನ್ನ ಅಜ್ಜಿಯ ಅಳತೆ. ನಿಮ್ಮ ಮನೆಯ ಬಾಣಲೆಯ ರಿವೆಟ್ಟು ಬೇರೆ ಮಟ್ಟದಲ್ಲಿದ್ದರೆ? ಆದ್ದರಿಂದ ನಾನು ಅಜ್ಜಿಯದ್ದನ್ನು ತೂಕ ಮಾಡಿ ಬರೆದಿಟ್ಟಿದ್ದೇನೆ" ಎಂದು ಒಂದು ಕಾಗದ ಕೊಟ್ಟರು. ತಲೆಗೆ 100 ಗ್ರಾಂ ಅಕ್ಕಿ ಎಂಬುದರಿಂದ ಶುರುವಾಗಿ ಎಲ್ಲ ಇತ್ತು.

ಅಕ್ಕಿ ಹರಡಿದ ಮೇಲೆ ಸೌಟು ಮುಟ್ಟಬಾರದು. ಮೊದಲ ಎಂಟು ಹತ್ತು ನಿಮಿಷ ಜೋರು ಉರಿ, ಆಮೇಲೆ ಅಷ್ಟೇ ಹೊತ್ತು ಸಣ್ಣ ಉರಿ. ಕೊನೆಯಲ್ಲಿ ಮತ್ತೆ ಒಂದು ನಿಮಿಷ ಜೋರು. ಕಿವಿ ಹತ್ತಿರ ಇಟ್ಟು ಕೇಳಿ ಎಂದರು. ನೀರಿನ ಗುಳುಗುಳು ನಿಂತು ಚಟಪಟ ಎನ್ನಬೇಕು. ಅಂದರೆ ತಳ ಹಿಡಿಯುತ್ತಿದೆ ಎಂದು ಅರ್ಥ. ಆ ತಳ ಹಿಡಿದ ಕಂದು ಅನ್ನಕ್ಕೆ ಸೊಕರಾತ್ ಎನ್ನುತ್ತಾರೆ, ಅದಕ್ಕೇ ಜಗಳ ಆಡುತ್ತಾರೆ. ನನ್ನ ಹೋಟೆಲಿನಲ್ಲಿ ಬಿಸಿಬೇಳೆ ಬಾತು ತಳ ಹಿಡಿದರೆ ನಾನು ಭಟ್ಟರ ಮೇಲೆ ಕೂಗಾಡುತ್ತೇನೆ. ಊರಲ್ಲಿ ಚಿಕ್ಕವರಿದ್ದಾಗ ಪಾತ್ರೆಯ ತಳದ್ದನ್ನು ಕೆರೆದು ತಿನ್ನಲು ನಾವೂ ಜಗಳವಾಡಿದವರೇ, ಯಾವಾಗ ಮರೆತೆವೋ.

ಐದು ನಿಮಿಷ ಬಿಟ್ಟು ಎಲ್ಲರೂ ಒಂದೇ ಬಾಣಲೆಯಿಂದ ಮರದ ಚಮಚದಲ್ಲಿ ತಿನ್ನುವುದು. ಅವರವರ ಎದುರಿನ ತ್ರಿಕೋನ ಅವರವರಿಗೆ, ಗಡಿ ದಾಟಬಾರದು. ಎಂಜಲು ಮುಸುರೆ ಎಂದು ನನ್ನ ಹೆಂಡತಿಗೆ ಸ್ವಲ್ಪ ಕಸಿವಿಸಿ. ನಾವು ಮೂವರದೇ ಬಾಣಲೆ ಆದ್ದರಿಂದ ಬಚಾವು. ರುಚಿ? ನನಗೆ ಒಂದು ಹಸಿಮೆಣಸು, ನಿಂಬೆಹುಳಿ ಬೇಕಿತ್ತು. ಆದರೆ ಆ ತಳದ ಅನ್ನ ಮಾತ್ರ ಈಗಲೂ ನಾಲಿಗೆಯಲ್ಲಿದೆ.

ಕೇಸರಿಯ ವಿಷಯದಲ್ಲಿ ಒಂದು ಮಾತು. ಎಲ್ಲರೂ ಕೇಸರಿಯೇ ಹಾಕುತ್ತಾರೆಯೇ ಎಂದು ಕೇಳಿದೆ. ಬಹಳ ಮನೆಗಳಲ್ಲಿ ಹಳದಿ ಬಣ್ಣದ ಪುಡಿ ಹಾಕುತ್ತಾರೆ ಎಂದು ಒಪ್ಪಿಕೊಂಡರು. ನಮ್ಮ ಕೇಸರಿಬಾತಿನ ಕತೆಯೇ. 2024ರಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿದಾಗ ಆ ಹೆಂಗಸನ್ನು ನೆನಪು ಮಾಡಿಕೊಂಡೆ.

ಈಗ ನಾನು ಸಿಕ್ಕಿಬಿದ್ದ ಕತೆ. ಊಟ ಮಾಡುತ್ತಿರುವಾಗ ಅವರು, "ನೀವು ಚಾಕು ಹಿಡಿಯುವುದು ನೋಡಿದರೆ ಅಡುಗೆಯವರೇ ಇರಬೇಕು" ಎಂದರು. ಮಗಳು ಹೆಮ್ಮೆಯಿಂದ, ಮುಂಬಯಿಯಲ್ಲಿ ಹೋಟೆಲು ಇದೆ, ದೋಸೆಗೆ ಹೆಸರು ಎಂದಳು. ಅವರು ಪುಸ್ತಕ ಪೆನ್ನು ತಂದು ಎದುರಿಗೆ ಕೂತರು. "ದೋಸೆ ನಾನು ಲಂಡನ್ನಿನಲ್ಲಿ ತಿಂದಿದ್ದೇನೆ. ಹೇಳಿ, ಅಕ್ಕಿ ಎಷ್ಟು, ಉದ್ದು ಎಷ್ಟು? ಎಷ್ಟು ಗಂಟೆ ನೆನೆಯಬೇಕು? ಉಪ್ಪು ಯಾವಾಗ?"

ನಾನು ಬಾಯಿ ತೆರೆದೆ. ನಾಲ್ಕಕ್ಕೆ ಒಂದು ಎಂದೆ. ತೂಕದಲ್ಲೋ ಅಳತೆಯಲ್ಲೋ ಎಂದರು. ಅಳತೆಯಲ್ಲಿ. ಯಾವ ಅಳತೆ? ಒಂದು ಡಬ್ಬಿ. ಡಬ್ಬಿ ಎಷ್ಟು ಲೀಟರಿನದು? ಗೊತ್ತಿಲ್ಲ. ಮೆಂತೆ? ಒಂದು ಮುಷ್ಟಿ. ಯಾರ ಮುಷ್ಟಿ? ಭಟ್ಟರ ಮುಷ್ಟಿ! ಮಗಳು ತಲೆ ತಗ್ಗಿಸಿದಳು. ಹೆಂಗಸು ಒಳ್ಳೆಯವರು, ನಕ್ಕು ಪುಸ್ತಕ ಮುಚ್ಚಿದರು. ದಿವಸಕ್ಕೆ ನಾನೂರು ದೋಸೆ ಮಾರುವವನಿಗೆ ದೋಸೆಯ ಲೆಕ್ಕ ಗೊತ್ತಿಲ್ಲ. ಗ್ಯಾಸಿನ ಲೆಕ್ಕ, ಬೆಣ್ಣೆಯ ಲೆಕ್ಕ, ಒಡೆದ ಗ್ಲಾಸಿನ ಲೆಕ್ಕ ಎಲ್ಲ ಬಾಯಿಪಾಠ.

ರಾತ್ರಿ ನಿದ್ದೆ ಬರಲಿಲ್ಲ. 2011ರಲ್ಲಿ ನಮ್ಮ ಹಳೇ ಭಟ್ಟರು ಊರಿಗೆ ಹೋದವರು ವಾಪಸು ಬರಲಿಲ್ಲ. ಅವರೊಟ್ಟಿಗೆ ಸಾಂಬಾರೂ ಹೋಯಿತು. ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಮೂರು ದಿವಸ ಸುಮ್ಮನೆ ತಿಂದು ನಾಲ್ಕನೇ ದಿವಸ ಗಲ್ಲಾದ ಎದುರು ನಿಂತು, "ಶೇಟ್, ಹೋಟೆಲು ಮಾರಿದಿರಾ?" ಎಂದು ಕೇಳಿದ್ದರು. ಅದಕ್ಕಿಂತ ದೊಡ್ಡ ಬೈಗಳು ನಾನು ಕೇಳಿಲ್ಲ. ಆಗಲೂ ನನಗೆ ಬುದ್ಧಿ ಬರಲಿಲ್ಲ, ಇನ್ನೊಬ್ಬ ಭಟ್ಟರನ್ನು ಹುಡುಕಿದೆ ಅಷ್ಟೇ.

ವಾಪಸು ಬಂದ ವಾರವೇ ತಕ್ಕಡಿ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಈಗಿನ ಭಟ್ಟರು ನನ್ನನ್ನೂ ತಕ್ಕಡಿಯನ್ನೂ ನೋಡಿ ಕೈ ಒರೆಸಿಕೊಂಡು ನಿಂತರು. "ಧಣಿ, ನನ್ನನ್ನು ಬಿಡಿಸುವ ಯೋಚನೆಯೋ?" ಎಂದರು. ನಾನು ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಯಾಕೆ ಬರಬೇಕು? ಬಂಧುಗಳೇ, ಈ ಜಾಗದಲ್ಲಿ ನಾನು ಬಹಳ ಯೋಚನೆ ಮಾಡಿದ್ದೇನೆ. ಭಟ್ಟರು ಗುಟ್ಟು ಬಿಡುವುದಿಲ್ಲ, ಮಸಾಲೆ ಹುರಿಯುವಾಗ ಹುಡುಗರನ್ನು ಹೊರಗೆ ಕಳಿಸುತ್ತಾರೆ ಎಂದು ನಾವೆಲ್ಲ ದೂರುತ್ತೇವೆ. ಅವರ ಹತ್ತಿರ ಪೆನ್ಶನ್ನು ಇಲ್ಲ, ಪಾಲು ಇಲ್ಲ. ಇರುವುದು ಆ ಮುಷ್ಟಿ ಒಂದೇ. ಅದನ್ನು ತಕ್ಕಡಿಗೆ ಹಾಕಿ ಕಾಗದಕ್ಕೆ ಇಳಿಸಿದರೆ ನಾಳೆ ಕಮ್ಮಿ ಸಂಬಳದ ಹುಡುಗ ಬರುತ್ತಾನೆ ಎಂದು ಅವರಿಗೆ ಗೊತ್ತು. ನಾವು ಹಾಗೆ ಮಾಡಿದವರೂ ಹೌದು. ತಪ್ಪು ಅವರದಲ್ಲ.

ನಾನು ಎರಡು ದಿವಸ ಬಿಟ್ಟು ಹೀಗೆ ಹೇಳಿದೆ: "ನೀವು ಹುಡುಗರಿಗೆ ಕಲಿಸಿ. ಕಲಿಸುವಷ್ಟು ಕಾಲ ಅಡುಗೆಯ ಸಂಬಳದ ಮೇಲೆ ಮೇಷ್ಟ್ರ ಸಂಬಳ ಎಂದು ತಿಂಗಳಿಗೆ ಮೂರು ಸಾವಿರ ಬೇರೆ. ಕೈಯಲ್ಲಿ ಅಡುಗೆ ಆಗದೆ ಹೋದರೂ ಮೇಷ್ಟ್ರ ಕೆಲಸ ಇರುತ್ತದೆ." ಅದನ್ನು ಕಾಗದದಲ್ಲಿ ಬರೆದು ಸಹಿ ಹಾಕಿದೆ. ಬಾಯಿ ಮಾತಿಗೆ ಅವರು ಒಪ್ಪುತ್ತಿರಲಿಲ್ಲ, ನಾನಾದರೂ ಒಪ್ಪುತ್ತಿರಲಿಲ್ಲ.

ಆಮೇಲೆ ಶುರುವಾಯಿತು. ಅಕ್ಕಿ ನಾಲ್ಕು ಡಬ್ಬಿ ಗೋಪುರ ಕಟ್ಟಿ, ಉದ್ದು ಒಂದು ಡಬ್ಬಿ ಕೈಯಿಂದ ಸವರಿ. ತೂಕ ಮಾಡಿದರೆ ಅಕ್ಕಿ 8 ಕಿಲೋ 200, ಉದ್ದು 1 ಕಿಲೋ 900. ಮೆಂತೆ ಮುಷ್ಟಿ 60 ಗ್ರಾಂ. ಮೇ ತಿಂಗಳ ಸೆಕೆಗೆ ತಣ್ಣೀರಲ್ಲಿ ಅರೆದು ಉಪ್ಪು ರಾತ್ರಿಯೇ, ಡಿಸೆಂಬರಿನ ಚಳಿಗೆ ಉಪ್ಪು ಬೆಳಿಗ್ಗೆ, ಯಾಕೆಂದರೆ ಉಪ್ಪು ಹುಳಿ ಬರುವುದನ್ನು ತಡೆಯುತ್ತದೆ. ಇದೆಲ್ಲ ಅವರ ತಲೆಯಲ್ಲಿತ್ತು, ನಾನು ಒಂದು ದಿವಸ ಕೇಳಿದವನಲ್ಲ. ಇನ್ನೊಂದು ತಮಾಷೆ ಹೊರಬಿತ್ತು. 2019ರಲ್ಲಿ ನಾನು ಹಳೇ ಜಜ್ಜಿದ ಡಬ್ಬಿ ಎಸೆದು ಹೊಸ ಸ್ಟೀಲು ಡಬ್ಬಿ ತಂದಿದ್ದೆ. ಅದು ಹಳೆಯದಕ್ಕಿಂತ ದೊಡ್ಡದು. ಅಕ್ಕಿ ಉದ್ದು ಎರಡೂ ಹೆಚ್ಚಾಯಿತು, ಮುಷ್ಟಿ ಮಾತ್ರ ಅದೇ. ಮೆಂತೆ ಕಮ್ಮಿಯಾಗಿ ದೋಸೆಯ ಕೆಂಪು ಬಣ್ಣ ಇಳಿದಿತ್ತು. ನಾನು ನಾಲ್ಕು ವರ್ಷ ಕಾವಲಿಯನ್ನು ಬೈದೆ, ಗ್ಯಾಸನ್ನು ಬೈದೆ, ಅಕ್ಕಿ ವ್ಯಾಪಾರಿಯನ್ನು ಬದಲಾಯಿಸಿದೆ. ಕಳ್ಳ ಡಬ್ಬಿಯೊಳಗೆ ಕೂತಿದ್ದ.

ಈಗ ನಮ್ಮ ಅಡುಗೆಮನೆಯಲ್ಲಿ ದೋಸೆ ಹುಯ್ಯುವವನು ಒಡಿಶಾದ ಹುಡುಗ, ಚಟ್ನಿಗೆ ಉತ್ತರ ಪ್ರದೇಶದವನು. ನಿಮ್ಮಲ್ಲೂ ಹೆಚ್ಚು ಕಮ್ಮಿ ಹೀಗೇ ಇರಬೇಕು. ಊರಿನ ಹುಡುಗರು ಬರುವುದಿಲ್ಲ ಎಂದು ಅಳುವುದನ್ನು ನಾನು ಬಿಟ್ಟಿದ್ದೇನೆ. ನಾನು ಕ್ಲೀನರ್ ಆಗಿ ಬಂದಾಗ ಹಗಲು ಟೇಬಲ್ಲು ಒರೆಸಿ ರಾತ್ರಿ ಶಾಲೆಗೆ ಹೋಗಿ ಹತ್ತನೇ ಕ್ಲಾಸು ಮುಗಿಸಿದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ ಹಾಗೆ ಮೇಲೆ ಬಂದ ಧಣಿಗಳು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಜನ! ನಮಗೆ ಅಕ್ಷರ ಕಲಿಸಲು ಹಿರಿಯರು ಶಾಲೆ ಕಟ್ಟಿದರು. ಅಡುಗೆ ಕಲಿಸಲು ಯಾರೂ ಕಟ್ಟಲಿಲ್ಲ, ಕದ್ದು ನೋಡಿ ಕಲಿತೆವು, ಕಲಿತದ್ದನ್ನು ಬಚ್ಚಿಟ್ಟೆವು. ನನ್ನದೇ ಹೇಳುತ್ತೇನೆ. ಒಬ್ಬ ಹುಡುಗ ರುಬ್ಬುವ ಕಲ್ಲಿನ ಹತ್ತಿರ ನಿಂತು ನೋಡುತ್ತಾನೆಂದು ನಾನೇ ಗದರಿಸಿ ಟೇಬಲ್ಲಿಗೆ ಕಳಿಸಿದ್ದೆ. ಅವನು ಈಗ ಬೇರೆ ವ್ಯಾಪಾರದಲ್ಲಿ ಇದ್ದಾನೆ. ಒಳ್ಳೆಯ ಭಟ್ಟನಾಗುತ್ತಿದ್ದನೋ ಏನೋ.

ಇದನ್ನು ಹೇಳಿದಾಗ ಒಬ್ಬ ಹಿರಿಯ ಮಿತ್ರರು, "ಕಲಿಸಿದರೆ ಎದುರುಗಡೆ ಅಂಗಡಿ ಹಾಕುತ್ತಾನೆ" ಎಂದರು. ಹಾಕುತ್ತಾನೆ. ನಾವು ಹೇಗೆ ಹಾಕಿದೆವು? 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಇವತ್ತಿನವರೆಗೆ ಒಬ್ಬರ ಅಡುಗೆಮನೆಯಲ್ಲಿ ದುಡಿದವರೇ ಇನ್ನೊಂದು ಹೋಟೆಲು ತೆರೆದದ್ದು. ವೇಲೆನ್ಸಿಯಾದ ಆ ಹೆಂಗಸು ದಿವಸಕ್ಕೆ ಹನ್ನೆರಡು ಜನಕ್ಕೆ ಗುಟ್ಟು ಹೇಳಿ ಕಳಿಸುತ್ತಾರೆ. ಹನ್ನೆರಡು ಎಪ್ಪತ್ತಲಿ ಎಂಟುನೂರ ನಲವತ್ತು ಯೂರೋ, ನಾಲ್ಕು ಗಂಟೆಯ ಕೆಲಸಕ್ಕೆ, ಅಕ್ಕಿ ಖರ್ಚು ಒಂದೂವರೆ ಕಿಲೋ ಕೂಡ ಇಲ್ಲ. ಗಲ್ಲಾದ ಮೇಲೆ ಕೂತವನ ಬುದ್ಧಿ, ಲೆಕ್ಕ ಹಾಕದೆ ಬಿಡುತ್ತದೆಯೇ? ನಮ್ಮ ಅಡುಗೆಮನೆಗಳು ಮಧ್ಯಾಹ್ನ ಮೂರರಿಂದ ಐದರವರೆಗೆ ಏನು ಮಾಡುತ್ತಿರುತ್ತವೆ ಎಂದು ನಿಮಗೆ ಗೊತ್ತು. ಹುಡುಗರು ಗೋಣಿಯ ಮೇಲೆ ಮಲಗಿರುತ್ತಾರೆ. ಅವರ ನಿದ್ದೆ ಕೆಡಿಸಿ ಎನ್ನುತ್ತಿಲ್ಲ, ವಾರಕ್ಕೆ ಒಂದು ದಿವಸ ಒಂದು ಒಲೆ ಸಾಕು. ಗಿರಾಕಿಗಳಿಗೆ ಅಡುಗೆ ಕಲಿಸಿದರೆ ಅವರು ಮನೆಯಲ್ಲೇ ಮಾಡಿ ತಿನ್ನುವುದಿಲ್ಲವೇ ಎಂದು ಕೇಳಬಹುದು. ದೋಸೆ ಹುಯ್ದು ಎರಡು ಸಲ ಕಾವಲಿಗೆ ಅಂಟಿಸಿಕೊಂಡವರಿಗೆ ನಮ್ಮ ಬಿಲ್ಲು ದುಬಾರಿ ಅನಿಸುವುದಿಲ್ಲ. ನನಗೂ ಅಲ್ಲಿಂದ ಬಂದ ಮೇಲೆ ಪಯೇಯಾ ಮನೆಯಲ್ಲಿ ಎರಡೇ ಸಲ ಮಾಡಲು ಆದದ್ದು, ಎರಡೂ ಸಲ ತಳ ಸೊಕರಾತ್ ಆಗಲಿಲ್ಲ, ಇದ್ದಿಲಾಯಿತು.

ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ. ವರ್ಷದ ಸ್ನೇಹ ಸಮ್ಮೇಳನದಲ್ಲಿ ಸನ್ಮಾನ, ಹಾರ, ಭಾಷಣ ಇರಲಿ. ಅದರೊಟ್ಟಿಗೆ ಮೂವತ್ತು ವರ್ಷ ಸೌಟು ಹಿಡಿದ ಭಟ್ಟರನ್ನು ವೇದಿಕೆಗೆ ಕರೆಯಿರಿ, ಅವರ ಎದುರು ತಕ್ಕಡಿ ಇಡಿ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಈ ಪತ್ರಿಕೆಯಲ್ಲಿ ಅಚ್ಚು ಮಾಡಿ, ಗೌರವಧನ ಕೊಡಿ. ಸಾಂಬಾರು, ರಸಂ, ಗೋಳಿಬಜೆ, ಮಂಗಳೂರು ಬನ್ಸು, ಕಾಶಿ ಹಲ್ವ, ತಿಂಗಳಿಗೆ ಒಂದರಂತೆ ಬಂದರೂ ಸಾಕು. ನನ್ನ 2011ರ ಸಾಂಬಾರು ಇನ್ನೂ ಸಿಕ್ಕಿಲ್ಲ. ಆ ಭಟ್ಟರು ಊರಲ್ಲಿ ಇದ್ದಾರೆ, ಕಣ್ಣು ಮಂಜಾಗಿದೆ. ಹೋದ ಸಲ ಹೋಗಿ ಕೂತು ಕೇಳಿದೆ. ಕೊತ್ತಂಬರಿ ಇಷ್ಟು ಎಂದು ಗಾಳಿಯಲ್ಲಿ ಕೈ ತೋರಿಸಿದರು. ಆ ಕೈಯ ಅಳತೆಗೆ ಮನೆಯಲ್ಲಿದ್ದ ಕೊತ್ತಂಬರಿ ಹಾಕಿಸಿಕೊಂಡು, ಕಟ್ಟಿಕೊಂಡು ಮುಂಬಯಿಗೆ ತಂದು ತೂಗಿದ್ದೇನೆ. ಇನ್ನೂ ಮೆಂತೆ, ಜೀರಿಗೆ, ಇಂಗು ಉಳಿದಿದೆ, ದೀಪಾವಳಿಗೆ ಮತ್ತೆ ಹೋಗುವವನಿದ್ದೇನೆ.

ಅಷ್ಟರೊಳಗೆ ಯಾರಿಗಾದರೂ ಆಸಕ್ತಿ ಇದ್ದರೆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಅಡುಗೆಮನೆಗೆ ಬನ್ನಿ. ಕಾವಲಿ ನನ್ನದು. ನಿಮ್ಮ ಹೋಟೆಲಿನ ಹಿಟ್ಟು ಒಂದು ಚಂಬು, ನಿಮ್ಮ ಭಟ್ಟರನ್ನು, ಮತ್ತು ಅವರು ಅಳೆಯುವ ಡಬ್ಬಿಯನ್ನು ತಪ್ಪದೆ ತನ್ನಿ.